ಹಳೇ ಗಾಡಿಗೆ ಹೊಸ ನಂಬರ್ ಪ್ಲೇಟ್: ಮೊದಲು ಆರ್‌ಸಿ ತೆಗೆಯಿರಿ, ಆಮೇಲೆ ವೆಬ್‌ಸೈಟ್

ಬಾಣಾವರದ ನಮ್ಮ ಅಂಗಡಿಯಲ್ಲಿ ಜೆರಾಕ್ಸ್, ಪಹಣಿ, ಜಾತಿ-ಆದಾಯದ ಅರ್ಜಿ, ಇವೇ ನನ್ನ ದಿನದ ಕೆಲಸ. 2023ರ ಆಗಸ್ಟ್ 17ಕ್ಕೆ ಸಾರಿಗೆ ಇಲಾಖೆ ಅಧಿಸೂಚನೆ ಹೊರಡಿಸಿ, 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ಗಾಡಿಗಳೆಲ್ಲ ಎಚ್‌ಎಸ್‌ಆರ್‌ಪಿ, ಅಂದರೆ ನಕಲು ಮಾಡಲಾಗದ ಹಾಗೆ ಮಾಡಿದ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್, ಹಾಕಿಸಿಕೊಳ್ಳಬೇಕು ಅಂದಿತು. ಆವತ್ತಿನಿಂದ ನಂಬರ್ ಪ್ಲೇಟ್ ಬುಕಿಂಗೂ ನನ್ನ ಪಾಲಿಗೆ ಬಂತು. ಮೊದಲ ಗಡುವು ಮೂರು ತಿಂಗಳು, ನವೆಂಬರ್ 17. ಅದು 2024ರ ಫೆಬ್ರವರಿ 17ಕ್ಕೆ ಹೋಯಿತು, ಆಮೇಲೆ ಮೇ 31, ಆಮೇಲೆ ಇನ್ನೂ ಮುಂದಕ್ಕೆ. ಗಡುವು ಮುಂದೆ ಹೋದಷ್ಟೂ ಜನ "ನೋಡೋಣ ಬಿಡಮ್ಮ" ಅಂತ ಸುಮ್ಮನಾದರು. ಹಾಗೆ ಸುಮ್ಮನಾದವರೇ ಈಗಲೂ ಗಾಡಿ ಮಾರುವಾಗಲೋ, ಎಫ್‌ಸಿಗೆ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರಕ್ಕೆ) ಹೋದಾಗಲೋ ಸಿಕ್ಕಿಕೊಂಡು ಓಡಿ ಬರುತ್ತಾರೆ. ಅಂಥವರಿಗಾಗಿ, ಮತ್ತು ಮನೆಯಲ್ಲಿ ಕೂತು ತಾವೇ ಮಾಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬುಕಿಂಗ್ ಹತ್ತು ನಿಮಿಷದ ಕೆಲಸ. ಅದು ಎರಡು ದಿನ ಎಳೆಯುವುದು ಯಾವಾಗ ಅಂದರೆ ಕೈಯಲ್ಲಿರುವ ಆರ್‌ಸಿಯಲ್ಲಿ ಒಂದು, ಗಾಡಿಗಳ ವಿವರ ಇಡುವ ಸರ್ಕಾರದ 'ವಾಹನ್' ಕಂಪ್ಯೂಟರ್ ದಾಖಲೆಯಲ್ಲಿ ಇನ್ನೊಂದು ಇದ್ದಾಗ. ಆದ್ದರಿಂದ ವೆಬ್‌ಸೈಟ್ ತೆರೆಯುವ ಮುಂಚೆ ಮಾಡಬೇಕಾದ್ದನ್ನೇ ಹೆಚ್ಚು ಹೇಳುತ್ತೇನೆ.

ಈ ಪ್ಲೇಟಿನಲ್ಲಿ ಅಂಥದ್ದೇನಿದೆ ಅಂತ ಎಲ್ಲರೂ ಕೇಳುತ್ತಾರೆ. ಅಲ್ಯೂಮಿನಿಯಂ ತಗಡು. ಎಡಗಡೆ ಮೇಲೆ ಇಪ್ಪತ್ತು ಮಿಲಿಮೀಟರ್ ಚೌಕದ ಹೊಲೊಗ್ರಾಂ, ಅದರಲ್ಲಿ ನೀಲಿ ಅಶೋಕ ಚಕ್ರ. ಅದರ ಕೆಳಗೆ ನೀಲಿಯಲ್ಲಿ 'ಐಎನ್‌ಡಿ'. ಎಡಗಡೆ ಕೆಳಗೆ ಲೇಸರ್‌ನಲ್ಲಿ ಕೊರೆದ, ಹತ್ತಕ್ಕೆ ಕಡಿಮೆಯಿಲ್ಲದ ಅಂಕಿಗಳ ಒಂದು ಸಂಕೇತ. ಮುಂದಿನ ಪ್ಲೇಟಿಗೆ ಒಂದು, ಹಿಂದಿನದಕ್ಕೆ ಬೇರೆ. ಈ ಎರಡು ಸಂಕೇತಗಳೂ ನಿಮ್ಮ ಚಾಸಿ ನಂಬರ್, ಎಂಜಿನ್ ನಂಬರ್ ಜೊತೆ ವಾಹನ್ ದಾಖಲೆಗೆ ಸೇರುತ್ತವೆ. ಯಾರದೋ ಗಾಡಿಯ ನಂಬರ್ ಬರೆಸಿಕೊಂಡು ತಿರುಗುವವನಿಗೆ ಪೇಂಟರ್ ಹತ್ತಿರ ನಂಬರ್ ಸಿಕ್ಕೀತು, ಆ ಸಂಕೇತ ಸಿಗುವುದಿಲ್ಲ. ಈ ನಿಯಮ ಕೇಂದ್ರ ಮೋಟಾರು ವಾಹನ ನಿಯಮಾವಳಿಗೆ ಸೇರಿದ್ದು 2001ರಲ್ಲಿ. ದೇಶದ ಎಲ್ಲ ಹೊಸ ಗಾಡಿಗಳಿಗೆ ಶೋರೂಮಿನಲ್ಲೇ ಹಾಕಿ ಕೊಡಬೇಕು ಅಂತ ಆದದ್ದು 2019ರ ಏಪ್ರಿಲ್ 1ರಿಂದ. ಹಾಗಾಗಿ ಆಮೇಲೆ ಕೊಂಡ ಗಾಡಿಯವರು ಮತ್ತೆ ಬುಕ್ ಮಾಡಬೇಕಿಲ್ಲ. ಹೊಲೊಗ್ರಾಂ ಇದೆಯೇ ಅಂತ ಒಮ್ಮೆ ನೋಡಿಕೊಂಡರೆ ಸಾಕು.

ಈಗ ಕೆಲಸಕ್ಕೆ ಬರೋಣ.

ಆರ್‌ಸಿ ತೆಗೆದು ಬೆಳಕಿಗೆ ಹಿಡಿಯಿರಿ. ಬೇಕಾಗಿರುವುದು ನೋಂದಣಿ ಸಂಖ್ಯೆ, ಚಾಸಿ ನಂಬರ್, ಎಂಜಿನ್ ನಂಬರ್. ಹಳೇ ಸ್ಮಾರ್ಟ್ ಕಾರ್ಡುಗಳಲ್ಲಿ ಅಕ್ಷರ ಸವೆದು ಹೋಗಿರುತ್ತದೆ, ಪರ್ಸಿನಲ್ಲಿ ಹತ್ತು ವರ್ಷ ಬೆವರು ಕುಡಿದಿರುತ್ತದೆ. ಹೆಸರು ಆಧಾರ್ ಜೊತೆ ಹೊಂದುವವರು ಡಿಜಿಲಾಕರ್‌ನಲ್ಲಿ ಆರ್‌ಸಿ ಇಳಿಸಿಕೊಳ್ಳಿ. ಅದರಲ್ಲಿ ಕಾಣುವುದು ವಾಹನ್ ದಾಖಲೆಯಲ್ಲಿರುವ ಮಾಹಿತಿ, ಬುಕಿಂಗ್ ಪುಟ ತಾಳೆ ನೋಡುವುದೂ ಅದನ್ನೇ. ಕಾರ್ಡಿನಲ್ಲಿ ಏನೇ ಅಚ್ಚಾಗಿರಲಿ, ಅಲ್ಲಿರುವುದು ಮುಖ್ಯ.

ನಮ್ಮ ಅಪ್ಪನ ಮೊಪೆಡ್ಡಿನ ಕಥೆ ಹೇಳುತ್ತೇನೆ. 2008ರ ಗಾಡಿ, ಕೆಎ 13. ಊರಿನ ಎಲ್ಲರಿಗೂ ಮಾಡಿಕೊಟ್ಟು ಕೊನೆಗೆ ಮನೆಯದಕ್ಕೆ ಕೂತೆ. ಚಾಸಿ ನಂಬರ್ ಹಾಕಿದರೆ ಪುಟ 'ಮಾಹಿತಿ ಹೊಂದುತ್ತಿಲ್ಲ' ಅಂತು. ಮೂರು ಸಲ ಹಾಕಿದೆ, ಮೂರು ಸಲವೂ ಅದೇ ಮಾತು. ಕೊನೆಗೆ ಮೊಪೆಡ್ಡನ್ನು ಅಂಗಡಿ ಮುಂದೆ ನಿಲ್ಲಿಸಿ, ಹ್ಯಾಂಡಲ್ಲಿನ ಕೆಳಗೆ ಕುತ್ತಿಗೆಯ ಹತ್ತಿರ ಎಣ್ಣೆ-ಧೂಳು ಗಟ್ಟಿಯಾಗಿ ಕೂತಿದ್ದನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಅಕ್ಷರ ಕಂಡಿತು, ಓದಲಿಕ್ಕೆ ಬರಲಿಲ್ಲ. ಒಂದು ತೆಳು ಹಾಳೆ ಅದರ ಮೇಲಿಟ್ಟು, ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಉಜ್ಜಿದೆ, ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಉಜ್ಜುತ್ತಿದ್ದೆವಲ್ಲ ಹಾಗೆ. ಹಾಳೆಯ ಮೇಲೆ ನಂಬರ್ ಬಿಳಿಯಾಗಿ ಎದ್ದು ಬಂತು. ನಾನು ಕಾರ್ಡ್ ನೋಡಿ ಎಂಟು ಅಂದುಕೊಂಡಿದ್ದದ್ದು ಇಂಗ್ಲಿಷಿನ 'ಬಿ'. ಸವೆದ ಕಾರ್ಡಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಅವತ್ತಿನಿಂದ ಯಾರ ಚಾಸಿ ನಂಬರ್ ಹೊಂದದಿದ್ದರೂ ಮೊದಲು ನೋಡುವುದು ಈ ಜೋಡಿಗಳನ್ನು: ಎಂಟು ಮತ್ತು 'ಬಿ', ಐದು ಮತ್ತು 'ಎಸ್', ಸೊನ್ನೆ ಮತ್ತು 'ಓ', ಒಂದು ಮತ್ತು 'ಐ'. ನಿಮ್ಮ ಚಾಸಿ ನಂಬರ್ ಹದಿನೇಳು ಅಕ್ಷರದ್ದಾದರೆ ಒಂದು ಅನುಕೂಲವಿದೆ. ಆ ಪದ್ಧತಿಯಲ್ಲಿ 'ಐ', 'ಓ', 'ಕ್ಯೂ' ಈ ಮೂರನ್ನು ಬಳಸುವುದೇ ಇಲ್ಲ, ಗೊಂದಲ ಆಗಬಾರದು ಅಂತಲೇ ಬಿಟ್ಟಿದ್ದಾರೆ. ಹಾಗಾಗಿ ದುಂಡಗೆ ಕಂಡದ್ದು ಸೊನ್ನೆ, ನೆಟ್ಟಗೆ ಕಂಡದ್ದು ಒಂದು. ತುಂಬ ಹಳೇ ಗಾಡಿಗಳ ಚಾಸಿ ನಂಬರ್ ಇದಕ್ಕಿಂತ ಚಿಕ್ಕದಿರುತ್ತದೆ. ಅಲ್ಲಿ ಈ ಲೆಕ್ಕ ನಂಬಬೇಡಿ, ಪೆನ್ಸಿಲ್ಲೇ ಗತಿ.

ಇಷ್ಟು ಮಾಡಿದರೂ ಹೊಂದದಿದ್ದರೆ ತಪ್ಪು ದಾಖಲೆಯಲ್ಲೇ ಇರಬಹುದು. ಪುಸ್ತಕದ ರೂಪದ ಆರ್‌ಸಿ ಕಾಲದ ಕೆಲವು ಗಾಡಿಗಳು ಕಂಪ್ಯೂಟರಿಗೇ ಹತ್ತಿರುವುದಿಲ್ಲ. ಎರಡಕ್ಕೂ ನೋಂದಣಿ ಮಾಡಿದ ಆರ್‌ಟಿಒ ಕಚೇರಿಗೇ ಹೋಗಬೇಕು. ಮೂಲ ಆರ್‌ಸಿ, ಆಧಾರ್, ವಿಮೆ, ಚಾಸಿಯ ಆ ಪೆನ್ಸಿಲ್ ಗುರುತಿನ ಹಾಳೆ ಒಯ್ಯಿರಿ. ದಾಖಲೆ ಸರಿಯಾಗದೆ ಬುಕಿಂಗ್ ಮಾಡಿಕೊಡುತ್ತೇನೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಅವರಿಂದ ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ.

ವೆಬ್‌ಸೈಟಿಗೆ ಹೋಗುವ ದಾರಿ ಎರಡು. ಸಾರಿಗೆ ಇಲಾಖೆಯದು ಟ್ರಾನ್ಸ್‌ಪೋರ್ಟ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ವಾಹನ ತಯಾರಕರ ಒಕ್ಕೂಟದ್ದು ಸಿಯಾಮ್ ಡಾಟ್ ಇನ್. ಈ ವಿಳಾಸವನ್ನು ನೀವೇ ಟೈಪ್ ಮಾಡಿ. ಹುಡುಕಾಟದಲ್ಲಿ 'ನಂಬರ್ ಪ್ಲೇಟ್ ಬುಕಿಂಗ್' ಅಂತ ಹಾಕಿ ಮೇಲೆ ಬಂದ ಮೊದಲನೆಯದನ್ನು ಒತ್ತಬೇಡಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಸಂತೆಗೆ ಬರುವ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಹಾಗೆ ಒತ್ತಿ, ಬಂದ ಕ್ಯೂಆರ್ ಕೋಡಿಗೆ 1,200 ರೂಪಾಯಿ ಹಾಕಿ, ರಸೀದಿ ಅಂತ ಬಂದ ಒಂದು ಚಿತ್ರ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಅದರಲ್ಲಿ ಶೋರೂಮಿನ ಹೆಸರೂ ಇಲ್ಲ, ದಿನಾಂಕವೂ ಇಲ್ಲ. ಅವರ ಮುಖ ನೋಡಲಿಕ್ಕೆ ಆಗಲಿಲ್ಲ. ಒಂದು ವಾರದ ಲಾಭ ಅದು. ಆವತ್ತೇ 1930ಕ್ಕೆ ಫೋನ್ ಮಾಡಿಸಿ ದೂರು ಕೊಡಿಸಿದೆ. ಹಣ ಹೋದ ಕೂಡಲೇ ಕರೆ ಮಾಡಬೇಕಾದ ಸಂಖ್ಯೆ ಅದು. ತಡ ಮಾಡಿದಷ್ಟೂ ಹಣ ಕೈಯಿಂದ ಕೈಗೆ ದಾಟಿ ಹೋಗುತ್ತದೆ. ನಿಜವಾದ ಬುಕಿಂಗಿನಲ್ಲಿ ಹಣ ಕೇಳುವುದು ಕೊಟ್ಟಕೊನೆಗೆ, ಅಂಗಡಿ ಮತ್ತು ದಿನ ನೀವು ಆರಿಸಿದ ಮೇಲೆ. ಮೊದಲ ಪುಟದಲ್ಲೇ ಹಣ ಕೇಳಿದರೆ ಮುಚ್ಚಿಬಿಡಿ.

ಸರಿಯಾದ ಪುಟ ತೆರೆದ ಮೇಲೆ ಗಾಡಿಯ ಕಂಪನಿಯನ್ನು ಆರಿಸಬೇಕು. ಅದನ್ನು ಒತ್ತಿದರೆ ಆ ಕಂಪನಿಗೆ ಪ್ಲೇಟ್ ಮಾಡಿಕೊಡುವ ಅನುಮತಿ ಇರುವ ತಯಾರಕರ ಪುಟಕ್ಕೆ ಹೋಗುತ್ತದೆ. ವಿಳಾಸ ಬದಲಾದದ್ದು ನೋಡಿ ಹೆದರಬೇಡಿ, ಸರ್ಕಾರಿ ಪುಟದಿಂದ ಹೋದದ್ದಾದರೆ ಸರಿ. ಒಂದೇ ಕಂಪನಿ ಹೆಸರು ಬದಲಾಯಿಸಿಕೊಂಡಿರುವುದೂ ಉಂಟು. ಹಳೇ ಹೆಸರಿನ ಬೈಕು ಇಟ್ಟುಕೊಂಡು ಪಟ್ಟಿಯಲ್ಲಿ ಹುಡುಕಾಡುವವರು ಆ ಕಂಪನಿಯ ಈಗಿನ ಹೆಸರನ್ನು ಒತ್ತಿ ನೋಡಿ. ಗಾಡಿ ತಮಿಳುನಾಡಿನದೋ ಆಂಧ್ರದ್ದೋ ಆಗಿದ್ದರೆ ರಾಜ್ಯದ ಜಾಗದಲ್ಲಿ ಆ ರಾಜ್ಯವನ್ನೇ ಆರಿಸಬೇಕು. ನೀವು ಇರುವ ಊರು ಇಲ್ಲಿ ಲೆಕ್ಕಕ್ಕಿಲ್ಲ, ನೋಂದಣಿ ಲೆಕ್ಕ.

ಮೂರು ನಂಬರ್ ಹಾಕಿ ದಾಖಲೆ ಹೊಂದಿದರೆ ಮುಂದಿನದು ಸಲೀಸು. ಹೆಸರು, ವಿಳಾಸ, ಇಂಧನ, ಸ್ವಂತ ಬಳಕೆಯೋ ಬಾಡಿಗೆಯೋ ಅನ್ನುವುದು. ಈ ಕೊನೆಯದನ್ನು ಎಚ್ಚರದಿಂದ ತುಂಬಿ, ಪ್ಲೇಟಿನ ಬಣ್ಣ ಇದರ ಮೇಲೆ ನಿಂತಿದೆ. ಸ್ವಂತದ್ದಕ್ಕೆ ಬಿಳಿ ಮೇಲೆ ಕಪ್ಪು, ಬಾಡಿಗೆಯದಕ್ಕೆ ಹಳದಿ ಮೇಲೆ ಕಪ್ಪು. ಎಲೆಕ್ಟ್ರಿಕ್ ಗಾಡಿಗೆ ಹಸಿರು ಹಿನ್ನೆಲೆ. ಮೊಬೈಲ್ ನಂಬರ್ ನಿಮ್ಮ ಜೇಬಿನಲ್ಲಿ ಸದ್ಯ ಓಡುತ್ತಿರುವುದನ್ನೇ ಕೊಡಿ. ಮಗ ಬೆಂಗಳೂರಿನಲ್ಲಿದ್ದಾನೆ, ಅವನದು ಹಾಕಿ ಅನ್ನುತ್ತಾರೆ ಹಿರಿಯರು. ಓಟಿಪಿ ಅವನಿಗೆ ಬರುತ್ತದೆ, ಅವನು ಕೆಲಸದಲ್ಲಿ ಫೋನ್ ಎತ್ತುವುದಿಲ್ಲ, ಇಲ್ಲಿ ಪುಟ ಕಾದು ಕಾದು ಮುಚ್ಚಿಕೊಳ್ಳುತ್ತದೆ. ಪ್ಲೇಟ್ ಬಂದ ಸುದ್ದಿಯೂ ಅವನಿಗೇ ಹೋಗುತ್ತದೆ.

ಆಮೇಲೆ ಶೋರೂಂ ಆರಿಸುವುದು. ಹತ್ತಿರದ್ದು ಯಾವುದು ಅಂತ ಪಟ್ಟಿ ಕೊಡುತ್ತದೆ. ನಮ್ಮ ಕಡೆಯವರು ಅರಸೀಕೆರೆ, ತಿಪಟೂರು, ಹಾಸನ ಮೂರನ್ನೂ ನೋಡಿ, ಬೇಗ ದಿನ ಸಿಗುವುದನ್ನು ಹಿಡಿಯುತ್ತಾರೆ. ಗಾಡಿ ಕೊಂಡ ಅಂಗಡಿಯೇ ಆಗಬೇಕು ಅಂತೇನೂ ಇಲ್ಲ. ಕೆಲವು ಕಡೆ ಮನೆಗೇ ಬಂದು ಹಾಕಿಕೊಡುತ್ತಾರೆ, ಅದಕ್ಕೆ ಬೇರೆ ಹಣ. ಸಂತೆ ದಿನ, ಹಬ್ಬದ ಹಿಂದುಮುಂದಿನ ದಿನ ತಪ್ಪಿಸಿ ಬೆಳಗಿನ ಹೊತ್ತು ತೆಗೆದುಕೊಳ್ಳಿ.

ನಾನು ಮಾಡಿದ ಬುಕಿಂಗುಗಳಲ್ಲಿ ಬೈಕಿಗೆ 400ರಿಂದ 500 ರೂಪಾಯಿ ಒಳಗೆ, ಕಾರಿಗೆ 700ರ ಆಸುಪಾಸು ಬಂದಿದೆ. ತಯಾರಕರಿಂದ ತಯಾರಕರಿಗೆ ಸ್ವಲ್ಪ ಹೆಚ್ಚುಕಮ್ಮಿ. ಹಣವನ್ನು ಆನ್‌ಲೈನಿನಲ್ಲೇ ಕಟ್ಟಬೇಕು, ಯಾರ ಕೈಗೂ ನಗದು ಕೊಡಬೇಕಿಲ್ಲ. ಹಣ ಕಡಿತವಾಗಿ ರಸೀದಿ ಬರದಿದ್ದರೆ ತಕ್ಷಣ ಎರಡನೇ ಸಲ ಕಟ್ಟಬೇಡಿ. ಅದೇ ಪುಟದಲ್ಲಿ ಆರ್ಡರ್ ಸ್ಥಿತಿ ನೋಡುವ ಜಾಗವಿದೆ, ಗಾಡಿ ನಂಬರ್ ಹಾಕಿ ನೋಡಿ. ರಸೀದಿ ಇದ್ದರೆ ಒಂದು ಪ್ರಿಂಟ್ ತೆಗೆದಿಡಿ, ಮೊಬೈಲಿನಲ್ಲೂ ಇರಲಿ.

ಆ ದಿನ ಒಯ್ಯಬೇಕಾದ್ದು ರಸೀದಿ, ಆರ್‌ಸಿ, ಬುಕಿಂಗಿಗೆ ಕೊಟ್ಟ ಮೊಬೈಲ್, ಮತ್ತು ಗಾಡಿ. ಗಾಡಿ ಅಂತ ಬೇರೆ ಹೇಳುತ್ತಿರುವುದಕ್ಕೆ ಕಾರಣವಿದೆ. "ಪ್ಲೇಟ್ ಕೊಟ್ಟುಬಿಡಿ, ಊರಲ್ಲಿ ಹಾಕಿಸಿಕೊಳ್ತೀನಿ" ಅಂತ ಬಸ್ಸಿನಲ್ಲಿ ಹೋದವರು ಬರಿಗೈಲಿ ಬಂದಿದ್ದಾರೆ. ಪ್ಲೇಟನ್ನು ಕೈಗೆ ಕೊಡುವಂತಿಲ್ಲ. ಗಾಡಿಗೆ ಕೂರಿಸಿ, ಒಮ್ಮೆ ಹಾಕಿದರೆ ಮುರಿಯದೆ ಬಿಚ್ಚಲಾಗದ ಸ್ನ್ಯಾಪ್ ಲಾಕ್ ಹೊಡೆದೇ ಕಳಿಸಬೇಕು. ಹಳೇ ಬೈಕುಗಳಲ್ಲಿ ಹಿಂದಿನ ಪ್ಲೇಟ್ ಕೂರುವ ಪಟ್ಟಿ ತುಕ್ಕು ಹಿಡಿದು ಅಲ್ಲಾಡುತ್ತಿರುತ್ತದೆ. ಅದನ್ನು ಹಿಂದಿನ ದಿನವೇ ಮೆಕ್ಯಾನಿಕ್ ಹತ್ತಿರ ಬಿಗಿ ಮಾಡಿಸಿಕೊಂಡು ಹೋದರೆ ಶೋರೂಮಿನಲ್ಲಿ ಕಾಯುವುದು ತಪ್ಪುತ್ತದೆ.

ಅಪ್ಪನ ಮೊಪೆಡ್ ಕರೆದುಕೊಂಡು ಹೋದಾಗ ಅಲ್ಲಿಯ ಹುಡುಗ ಫಿಟ್ಟಿಂಗ್ ಚಾರ್ಜ್ 100 ರೂಪಾಯಿ ಅಂದ. ನಾನು ರಸೀದಿ ತೋರಿಸಿ, ಕೂರಿಸುವ ಕೂಲಿ ಇದರಲ್ಲೇ ಸೇರಿದೆಯಲ್ಲಪ್ಪ ಅಂದೆ. ಅವನು ಒಳಗೆ ಹೋಗಿ ಕೇಳಿಕೊಂಡು ಬಂದು ಸುಮ್ಮನೆ ಹಾಕಿದ. ಪ್ಲೇಟಿನ ಸುತ್ತ ಹಾಕುವ ಫ್ರೇಮ್ ಬೇಕಾ ಅಂತಲೂ ಕೇಳುತ್ತಾರೆ. ಬೇಕಾದವರು ಕೊಳ್ಳಬಹುದು, ಕಡ್ಡಾಯವಲ್ಲ. ನಮ್ಮ ಹಳ್ಳಿಯವರು ಇಂಥ ಕಡೆ ಮಾತಾಡಲು ಹಿಂಜರಿಯುತ್ತಾರೆ, ಅದಕ್ಕೇ ರಸೀದಿಯ ಪ್ರಿಂಟ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಕಾಗದ ಮಾತಾಡುತ್ತದೆ.

ಆ ದಿನದ ಇನ್ನೊಂದು ವಿಷಯ. ಅಪ್ಪನ ಹಳೇ ಪ್ಲೇಟಿನಲ್ಲಿ ನಂಬರ್ ಕನ್ನಡ ಅಂಕಿಯಲ್ಲಿತ್ತು. ಊರ ಜಾತ್ರೆಗೆ ತೇರಿನ ಫಲಕ ಬರೆಯುವ ಪೇಂಟರೊಬ್ಬರು ಬರೆದದ್ದು. ೭ರ ಬಾಲವನ್ನು ಬಳ್ಳಿಯ ಹಾಗೆ ತಿರುಗಿಸಿದ್ದರು. ನಿಯಮದ ಪ್ರಕಾರ ಅಕ್ಷರ ಇಂಗ್ಲಿಷಿನಲ್ಲೇ, ಅಂಕಿ ಈಗ ಎಲ್ಲ ಕಡೆ ಬಳಸುವ ಅಂಕಿಯಲ್ಲೇ ಇರಬೇಕು, ಹೊಸ ಪ್ಲೇಟಿನಲ್ಲಿ ಕನ್ನಡಕ್ಕೆ ಜಾಗವಿಲ್ಲ. ಹಳೇದನ್ನು ಅವರೇ ತೆಗೆದುಕೊಂಡು ನಾಶ ಮಾಡುತ್ತಾರೆ. ಅಪ್ಪ ಏನೂ ಅನ್ನಲಿಲ್ಲ, ಬಿಚ್ಚಿದ ಪ್ಲೇಟನ್ನು ಪಂಚೆಯ ತುದಿಯಲ್ಲಿ ಒಂದು ಸಲ ಒರೆಸಿ ಹುಡುಗನ ಕೈಗೆ ಕೊಟ್ಟರು. ನಾನು ಅಷ್ಟರಲ್ಲಿ ಒಂದು ಫೋಟೊ ತೆಗೆದುಕೊಂಡೆ. ನಿಮ್ಮದರಲ್ಲೂ ಅಂಥದ್ದೇನಾದರೂ ಇದ್ದರೆ ಹೊರಡುವ ಮುಂಚೆಯೇ ಫೋಟೊ ತೆಗೆದಿಟ್ಟುಕೊಳ್ಳಿ, ಅಲ್ಲಿಯ ಗಡಿಬಿಡಿಯಲ್ಲಿ ನೆನಪಾಗುವುದಿಲ್ಲ.

ಪ್ಲೇಟ್ ಕೂರಿಸಿದ ಮೇಲೆ ಅಲ್ಲಿಂದ ಹೊರಡುವ ಮುಂಚೆ ನೋಡಬೇಕಾದ್ದು ಸ್ವಲ್ಪ. ನಂಬರ್ ಓದಿ, ಒಂದೊಂದು ಅಕ್ಷರವನ್ನೂ ಆರ್‌ಸಿ ಜೊತೆ ಹೋಲಿಸಿ. ಹೊಲೊಗ್ರಾಮನ್ನು ಉಗುರಿನಲ್ಲಿ ಮೆಲ್ಲಗೆ ಸವರಿ. ಅದು ಪ್ಲೇಟಿನ ಮೇಲೇ ಬಿಸಿಯಲ್ಲಿ ಒತ್ತಿದ್ದು, ಅಂಟಿಸಿದ ಚೀಟಿಯ ಹಾಗೆ ಅಂಚು ಏಳಬಾರದು. ಉಬ್ಬಿದ ಅಕ್ಷರಗಳ ಕಪ್ಪು ಹಾಳೆಯನ್ನು ಓರೆಯಾಗಿ ನೋಡಿದರೆ ಅದರೊಳಗೆ ಓರೆಯಾಗಿಯೇ 'ಇಂಡಿಯಾ' ಅಂತ ಇಂಗ್ಲಿಷಿನಲ್ಲಿ ಬರೆದಿರುವುದು ಕಾಣುತ್ತದೆ. ರಸ್ತೆ ಬದಿಯಲ್ಲಿ 'ಐಎನ್‌ಡಿ' ಅಂತ ಅಚ್ಚು ಹಾಕಿ ಮಾರುವ ಪ್ಲೇಟ್‌ಗಳು ದೂರದಿಂದ ಇದರ ಹಾಗೇ ಕಾಣುತ್ತವೆ, ಲೇಸರ್ ಸಂಕೇತ ಇದ್ದರೂ ಅದು ಯಾವ ದಾಖಲೆಗೂ ಸೇರಿರುವುದಿಲ್ಲ. ಪೊಲೀಸರು ಹಿಡಿದರೆ ಅದು ಇಲ್ಲದ ಲೆಕ್ಕವೇ. ಎಚ್‌ಎಸ್‌ಆರ್‌ಪಿ ಇಲ್ಲದ ಗಾಡಿಗೆ ಮೊದಲ ಸಲ ದಂಡ 500 ರೂಪಾಯಿ, ಅಂದರೆ ಒಂದು ಬೈಕಿನ ಪ್ಲೇಟಿನ ಬೆಲೆ.

ಕಾರಿನವರಿಗೆ ಮೂರನೆಯದೊಂದು ಸಿಗಬೇಕು: ಮುಂದಿನ ಗಾಜಿನ ಒಳಬದಿ, ಎಡಗಡೆ ಮೇಲಿನ ಮೂಲೆಗೆ ಅಂಟಿಸುವ ಸ್ಟಿಕ್ಕರ್. ಪೆಟ್ರೋಲ್, ಸಿಎನ್‌ಜಿಗೆ ತಿಳಿ ನೀಲಿ, ಡೀಸೆಲ್‌ಗೆ ಕಿತ್ತಳೆ. ಅದರಲ್ಲಿ ಎರಡೂ ಪ್ಲೇಟಿನ ಲೇಸರ್ ಸಂಕೇತ, ಎಂಜಿನ್ ಮತ್ತು ಚಾಸಿ ನಂಬರ್ ಇರುತ್ತದೆ. ಕೇಳದಿದ್ದರೆ ಎಷ್ಟೋ ಸಲ ಮರೆತು ಕಳಿಸುತ್ತಾರೆ.

ಟ್ರ್ಯಾಕ್ಟರ್ ಇರುವವರು ಒಂದು ತಪ್ಪು ಮಾಡುತ್ತಾರೆ. ಎಂಜಿನ್ನಿಗೆ ಬುಕ್ ಮಾಡಿ ಟ್ರೈಲರ್ ಮರೆಯುತ್ತಾರೆ. ಟ್ರೈಲರಿಗೆ ಬೇರೆ ನಂಬರ್ ಇದೆ, ಬೇರೆ ಆರ್‌ಸಿ ಇದೆ, ಪ್ಲೇಟೂ ಬೇರೆ.

ಇನ್ನು ತೀರಿಕೊಂಡವರ ಹೆಸರಿನಲ್ಲಿರುವ ಗಾಡಿ. ಇದನ್ನು ಕೇಳಿಕೊಂಡು ಬರುವವರಿಗೆ ದುಃಖವೇ ಇನ್ನೂ ಆರಿರುವುದಿಲ್ಲ. ಕಳೆದ ಸಲ ಬಂದ ಒಬ್ಬ ತಾಯಿ ಗಂಡನ ಬೈಕನ್ನು ಮಗನ ಹೆಸರಿಗೆ ಮಾಡಿಸಲು ಹೋಗಿ, ಪ್ಲೇಟ್ ಇಲ್ಲ ಅಂತ ವಾಪಸ್ ಬಂದಿದ್ದರು. ಎಚ್‌ಎಸ್‌ಆರ್‌ಪಿ ಇಲ್ಲದೆ ಮಾಲೀಕತ್ವ ವರ್ಗಾವಣೆ, ವಿಳಾಸ ಬದಲಾವಣೆ, ಸಾಲದ ನಮೂದು ಹಾಕುವುದು-ತೆಗೆಯುವುದು, ಎಫ್‌ಸಿ, ಯಾವುದೂ ಮುಂದೆ ಹೋಗುವುದಿಲ್ಲ. ಹೀಗಾಗಿ ಕ್ರಮ ಇದು: ಮೊದಲು ಆರ್‌ಸಿಯಲ್ಲಿ ಇರುವ ಹಾಗೇ ಗಾಡಿಯ ವಿವರ ಹಾಕಿ ಪ್ಲೇಟ್ ಬುಕ್ ಮಾಡಿ, ಕೂರಿಸಿಕೊಳ್ಳಿ. ಆಮೇಲೆ ಮರಣ ಪ್ರಮಾಣಪತ್ರದ ಜೊತೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ. ಸಾಮಾನ್ಯ ಮಾರಾಟಕ್ಕಾದರೆ ನಮೂನೆ 29 ಮತ್ತು 30. ವಿಮೆ, ಹೊಗೆ ತಪಾಸಣೆ ಪತ್ರ ಚಾಲ್ತಿಯಲ್ಲಿದೆಯೇ ಅಂತ ಆರ್‌ಟಿಒಗೆ ಹೊರಡುವ ಮುಂಚೆಯೇ ನೋಡಿಕೊಳ್ಳಿ, ಎರಡು ಸಲ ಹಾಸನಕ್ಕೆ ಓಡಾಡುವುದು ತಪ್ಪುತ್ತದೆ.

ಹಾಕಿಸಿಕೊಂಡ ಮೇಲೆ ಪ್ಲೇಟನ್ನು ಹಾಗೇ ಬಿಡಿ. ಅದರ ಮೇಲೆ ದೇವರ ಹೆಸರಿನ ಸ್ಟಿಕ್ಕರ್ ಬೇಡ, ಪ್ಲಾಸ್ಟಿಕ್ ಹಾಳೆ ಬೇಡ. ಸರ್ವೀಸಿಗೆ ಬಿಟ್ಟಾಗ ಸೀಮೆಎಣ್ಣೆ ಹಾಕಿ ಉಜ್ಜಬೇಡಿ ಅಂತ ಹೇಳಿ. ಮಡ್‌ಗಾರ್ಡ್ ಬದಲಾಯಿಸಲು ಮೆಕ್ಯಾನಿಕ್ ಸ್ನ್ಯಾಪ್ ಲಾಕ್ ಒಡೆದು ಬೋಲ್ಟ್ ಹಾಕಿಕೊಟ್ಟರೆ ಅದು ಸಲ್ಲುವುದಿಲ್ಲ.

ಪ್ಲೇಟ್ ಒಡೆದರೆ ಅಥವಾ ಬಿದ್ದುಹೋದರೆ ಅದೇ ವೆಬ್‌ಸೈಟಿನಲ್ಲಿ ಬದಲಿ ಪ್ಲೇಟಿನ ವಿಭಾಗವಿದೆ. ಮುಂದಿನದು ಮಾತ್ರ, ಹಿಂದಿನದು ಮಾತ್ರ, ಎರಡೂ ಅಂತ ಆರಿಸಬಹುದು. ಕಳೆದುಹೋದದ್ದಾದರೆ, ಕಳುವಾದದ್ದಾದರೆ ಮೊದಲು ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಬೇಕು. ನಿಮ್ಮ ನಂಬರಿನ ಅಸಲಿ ಪ್ಲೇಟ್ ಈಗ ಬೇರೆ ಯಾರದೋ ಕೈಯಲ್ಲಿದೆ, ಅದು ಯಾವ ಗಾಡಿಗೆ ಏರುತ್ತದೋ ಗೊತ್ತಿಲ್ಲ, ಆದ್ದರಿಂದ ಅದೇ ದಿನ ಕೊಡಿ. ಒಡೆದದ್ದಾದರೆ ತುಂಡುಗಳನ್ನು ಎಸೆಯದೆ ಒಂದು ಚೀಲಕ್ಕೆ ಹಾಕಿ, ಹೊಸದು ಕೂರಿಸುವ ದಿನ ಶೋರೂಮಿಗೆ ಒಯ್ಯಿರಿ. ಲೇಸರ್ ಸಂಕೇತ ಇರುವ ಎಡಗಡೆಯ ತುಂಡು ಸಿಕ್ಕಿದರೆ ಅದನ್ನಂತೂ ಬಿಡಬೇಡಿ.